ಹಳೆಯ ಯಂತ್ರವೂ ಎಂಟು ಹೆಗಲುಗಳೂ

ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಸರಳ ಯಂತ್ರಗಳ ಅಧ್ಯಾಯದಷ್ಟು ಉಪೇಕ್ಷೆಗೆ ಗುರಿಯಾದ ಅಧ್ಯಾಯ ಬೇರೊಂದು ಇರಲಾರದು. ಸನ್ನೆ, ಇಳಿಜಾರು, ಕಪ್ಪಿ, ಬೆಣೆ, ತಿರುಪು, ಅಚ್ಚುಗಾಲಿ ಎಂಬ ಆರು ಹೆಸರುಗಳನ್ನು ವಿದ್ಯಾರ್ಥಿಗಳು ಹೈಸ್ಕೂಲಿನಲ್ಲಿ ಕಂಠಪಾಠ ಮಾಡುತ್ತಾರೆ. ಒಂದೆರಡು ಲೆಕ್ಕಗಳನ್ನು ಬಿಡಿಸುತ್ತಾರೆ. ಕಾಲೇಜಿಗೆ ಬಂದೊಡನೆ ಪರಮಾಣು, ಕ್ವಾಂಟಂ ಮುಂತಾದ ಘನವಾದ ಮಾತುಗಳ ನಡುವೆ ಅವನ್ನು ಮರೆತುಬಿಡುತ್ತಾರೆ. ಮರೆತುದರಿಂದ ಆಗುವ ನಷ್ಟವೇನು ಎಂದು ಯಾರಾದರೂ ಕೇಳಿದರೆ, ಹಳೆಯದೊಂದು ಮರಗೆಲಸದ ಯಂತ್ರವನ್ನು ಲಾರಿಗೆ ಏರಿಸುವ ಸ್ಥಳಕ್ಕೆ ನಾವು ಅವರನ್ನು ಕರೆದೊಯ್ಯಲು ಇಚ್ಛಿಸುತ್ತೇವೆ. ಅಲ್ಲಿ ಭೌತವಿಜ್ಞಾನವನ್ನು ಮರೆತವರು ಅಂಕಗಳನ್ನಲ್ಲ, ಕೈಕಾಲುಗಳನ್ನು ಕಳೆದುಕೊಳ್ಳುವ ಸಂಭವವುಂಟು. ಅದರಲ್ಲಿಯೂ ಹಲವು ವೇಳೆ, ಮರೆತವರು ಒಬ್ಬರು, ಕಳೆದುಕೊಳ್ಳುವವರು ಇನ್ನೊಬ್ಬರು.

ಮರಗೆಲಸವನ್ನು ಹವ್ಯಾಸವಾಗಿ ಕೈಗೊಂಡು ಮನೆಯ ಹಿತ್ತಿಲಲ್ಲಿ ಸಣ್ಣ ಕಾರ್ಯಾಗಾರವೊಂದನ್ನು ಕಟ್ಟಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಉಳಿ, ಬಾಚಿ, ಕೀಸುಳಿಗಳಿಂದ ಆರಂಭವಾದ ಆಸಕ್ತಿ ಕಾಲಕ್ರಮದಲ್ಲಿ ಯಂತ್ರಗಳತ್ತ ಹೊರಳುವುದು ಸಹಜ. ಸಾಮಿಲ್ ಒಂದು ಮುಚ್ಚಿದಾಗ ಅಥವಾ ಹಳೆಯ ಕಾರ್ಖಾನೆಯೊಂದು ತನ್ನ ಸರಂಜಾಮನ್ನು ಮಾರಿದಾಗ, ಹೊಸ ಯಂತ್ರದ ಬೆಲೆಯ ಒಂದು ಅಂಶಕ್ಕೆ ಗಟ್ಟಿಮುಟ್ಟಾದ ಹಳೆಯ ಬ್ಯಾಂಡ್ ಸಾ ದೊರೆಯಬಹುದು. ಮೇಲೊಂದು ಕೆಳಗೊಂದು ಇರುವ ಎರಡು ದೊಡ್ಡ ಗಾಲಿಗಳ ಮೇಲೆ ಉಕ್ಕಿನ ಹಲ್ಲುಪಟ್ಟಿಯೊಂದು ಎಡೆಬಿಡದೆ ಸುತ್ತುವ ಗರಗಸ ಇದು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಇದರ ಕಲ್ಪನೆಗೆ 1808ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ ಗಾಲಿಯ ಮೇಲೆ ಕ್ಷಣಕ್ಷಣಕ್ಕೂ ಬಾಗಿ ನೆಟ್ಟಗಾಗುವ ಪಟ್ಟಿ ಬೆಸುಗೆಯ ಸ್ಥಳದಲ್ಲಿ ತುಂಡಾಗುತ್ತಿದ್ದುದರಿಂದ ಅದು ಬಹುಕಾಲ ಬಳಕೆಗೆ ಬರಲಿಲ್ಲ. ಪಟ್ಟಿಯ ತುದಿಗಳನ್ನು ಬಾಳಿಕೆ ಬರುವಂತೆ ಬೆಸೆಯುವ ವಿಧಾನವನ್ನು ಫ್ರಾನ್ಸಿನ ಆನ್ ಪಾಲಿನ್ ಕ್ರೆಪ್ಯಾ ಎಂಬ ಮಹಿಳೆ 1846ರಲ್ಲಿ ಪೇಟೆಂಟ್ ಮಾಡಿದ ಮೇಲೆಯೇ ಅದಕ್ಕೆ ಬಾಳು ಬಂದಿತು.

ಇಂತಹ ಯಂತ್ರ ಅಷ್ಟೊಂದು ಭಾರವಾಗಿರಬೇಕೇಕೆ? ಗಾಲಿಯ ವ್ಯಾಸ 30 ಅಂಗುಲವೆಂದೂ, ಅದು ನಿಮಿಷಕ್ಕೆ 600 ಸುತ್ತು ತಿರುಗುವುದೆಂದೂ ಭಾವಿಸೋಣ. ಗಾಲಿಯ ಅಂಚಿನಲ್ಲಿ ಒಂದೆಡೆ ಕೇವಲ 100 ಗ್ರಾಂ ಹೆಚ್ಚಾಗಿದ್ದರೂ, ಕೇಂದ್ರಾಪಗಾಮಿ ಬಲದ ಲೆಕ್ಕದಂತೆ ಸುಮಾರು 15 ಕಿಲೋಗ್ರಾಂ ಭಾರದ ಸೆಳೆತವೊಂದು ಸೆಕೆಂಡಿಗೆ ಹತ್ತು ಬಾರಿ ದಿಕ್ಕು ಬದಲಾಯಿಸುತ್ತ ಯಂತ್ರವನ್ನು ಜಗ್ಗುತ್ತದೆ. 50 ಕಿಲೋಗ್ರಾಂ ತೂಗುವ ಯಂತ್ರವನ್ನು ಈ ಬಲ ನಡುಗಿಸಿಬಿಡುತ್ತದೆ. 500 ಕಿಲೋಗ್ರಾಂ ತೂಗುವ ಯಂತ್ರದಲ್ಲಿ ಅದೇ ಬಲ ಹತ್ತರಲ್ಲಿ ಒಂದು ಪಾಲು ವೇಗೋತ್ಕರ್ಷವನ್ನು ಮಾತ್ರ ಉಂಟುಮಾಡಬಲ್ಲುದು. ನ್ಯೂಟನ್ನನ ಎರಡನೆಯ ನಿಯಮ ಬಡಗಿಯ ಕೈಯಲ್ಲಿ ನೆಟ್ಟಗಿನ ಕೊಯ್ತವಾಗಿ ಪರಿಣಮಿಸುವುದು ಹೀಗೆ. ಇದರ ಮೇಲೆ ಬೀಡುಕಬ್ಬಿಣದೊಳಗೆ ಹರಡಿರುವ ಗ್ರಾಫೈಟಿನ ಪದರಗಳು ಕಂಪನವನ್ನು ಹೀರಿಕೊಳ್ಳುತ್ತವೆ. ಆದುದರಿಂದ ಭಾರವನ್ನು ಯಂತ್ರದ ದೋಷವೆಂದು ಎಣಿಸತಕ್ಕದ್ದಲ್ಲ. ಕೊಳ್ಳುವವನು ಹಣ ಕೊಡುವುದೇ ಅದಕ್ಕಾಗಿ.

ಕೊಳ್ಳುವ ಮೊದಲು ನೋಡಬೇಕಾದುವು ಕೆಲವುಂಟು. ಬೀಡುಕಬ್ಬಿಣ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ಅಷ್ಟಾಗಿ ತಡೆಯಲಾರದು. ಉಕ್ಕಿನಂತೆ ಬಾಗದೆ, ಸೂಚನೆಯನ್ನೇ ಕೊಡದೆ ಒಡೆಯುತ್ತದೆ. ಚಿಕ್ಕ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಂಟೆಯಂತಹ ನಾದದ ಬದಲು ಮಂದವಾದ ಸದ್ದು ಕೇಳಿಬಂದರೆ ಒಳಗೆ ಬಿರುಕಿರಬಹುದೆಂದು ಶಂಕಿಸಬೇಕು. ಮಡಕೆ ಕೊಳ್ಳುವ ಹೆಂಗಸರು ಬೆರಳಿನಿಂದ ಮಾಡುವ ಪರೀಕ್ಷೆಯೇ ಇದು. ಗಾಲಿಗಳನ್ನು ಕೈಯಿಂದ ತಿರುಗಿಸಿ ಬೇರಿಂಗುಗಳ ಸದ್ದನ್ನು ಆಲಿಸಬೇಕು. ಕಾರ್ಖಾನೆಯ ಮೋಟಾರು ಸಾಮಾನ್ಯವಾಗಿ 415 ವೋಲ್ಟಿನ ಮೂರು ಫೇಸಿನದು, ಮನೆಯ ವಿದ್ಯುತ್ತು ಸಾಮಾನ್ಯವಾಗಿ 230 ವೋಲ್ಟಿನ ಒಂದು ಫೇಸಿನದು. ಆ ಖರ್ಚನ್ನು ಬೆಲೆಯೊಡನೆ ಕೂಡಿಸಿಯೇ ಲೆಕ್ಕ ಹಾಕಬೇಕು. ಮರ ಕೊಯ್ಯುವ ಯಂತ್ರವಾದುದರಿಂದ, ಅನುಮತಿ ಬೇಕೆ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ. ಇವೆಲ್ಲವನ್ನೂ ಕೊಳ್ಳುವವರು ಬಹುಮಟ್ಟಿಗೆ ಯೋಚಿಸುತ್ತಾರೆ. ಅವರು ಯೋಚಿಸದೆ ಬಿಡುವುದು ಸಾಗಣೆಯನ್ನು. “ನಾಲ್ಕು ಜನ ಹಮಾಲರನ್ನು ಕರೆದರಾಯಿತು” ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಈ ಮಾತಿಗೆ ನಮ್ಮ ಆಕ್ಷೇಪವಿದೆ.

ನಾಲ್ಕರ ಬದಲು ಎಂಟು ಜನರೇ ಬಂದರೆನ್ನೋಣ. 500 ಕಿಲೋಗ್ರಾಂ ಎಂಟು ಹೆಗಲುಗಳಿಗೆ ಹಂಚಿಕೆಯಾದರೆ ಒಬ್ಬೊಬ್ಬರಿಗೆ 62.5 ಕಿಲೋಗ್ರಾಂ. ಕಾಗದದ ಮೇಲೆ ಲೆಕ್ಕ ಸರಿ. ಆದರೆ ನೆಲದ ಮೇಲೆ ಈ ಲೆಕ್ಕ ನಿಲ್ಲುವುದಿಲ್ಲ. ಏರುತಗ್ಗಾದ ನೆಲದಲ್ಲಿಟ್ಟ ನಾಲ್ಕು ಕಾಲಿನ ಮೇಜು ಮೂರೇ ಕಾಲುಗಳ ಮೇಲೆ ನಿಂತು ನಾಲ್ಕನೆಯದನ್ನು ಗಾಳಿಯಲ್ಲಿ ಬಿಡುವುದನ್ನು ಎಲ್ಲರೂ ಬಲ್ಲರು. ಬಾಗದ ವಸ್ತುವಿಗೆ ಮೂರಕ್ಕಿಂತ ಹೆಚ್ಚು ಆಧಾರಗಳಿದ್ದಾಗ ಭಾರ ಹೇಗೆ ಹಂಚಿಕೆಯಾಗುವುದೆಂಬುದನ್ನು ಆಧಾರಗಳ ಎತ್ತರದ ಅಲ್ಪಸ್ವಲ್ಪ ವ್ಯತ್ಯಾಸವೇ ನಿರ್ಧರಿಸುತ್ತದೆ. ಎಂಟು ಜನರ ಎತ್ತರ ಒಂದೇ ಅಲ್ಲ. ಹೆಜ್ಜೆಯೂ ಒಂದೇ ಅಲ್ಲ. ಒಬ್ಬನ ಕಾಲು ತಗ್ಗಿಗೆ ಇಳಿದೊಡನೆ ಅವನ ಹೊರೆ ಪಕ್ಕದವನ ಹೆಗಲಿಗೆ ವರ್ಗವಾಗುತ್ತದೆ. ಇಡೀ ಭಾರ ಕ್ಷಣಮಾತ್ರ ಮೂವರ ಮೇಲೆಯೇ ಬಿದ್ದರೆ ಒಬ್ಬೊಬ್ಬನಿಗೆ ಸರಾಸರಿ ಸುಮಾರು 167 ಕಿಲೋಗ್ರಾಂ! ಆ ಕ್ಷಣದಲ್ಲಿ ಅವನು ಕುಸಿದರೆ ಉಳಿದವರೂ ನಿಲ್ಲಲಾರರು. ಒಬ್ಬ ವಯಸ್ಕ ಕಾರ್ಮಿಕ ಹೊರುವ ಭಾರ 55 ಕಿಲೋಗ್ರಾಂ ಮೀರಿದ್ದಲ್ಲಿ ಅದನ್ನು ತಗ್ಗಿಸಲು ಕ್ರಮ ಕೈಗೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಎಂಟು ಹೆಗಲುಗಳ ಆದರ್ಶ ಲೆಕ್ಕವೇ ಈ ಮಿತಿಯನ್ನು ಮೀರುತ್ತದೆಯೆಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಉತ್ತರ ಒಂದೇ ವಾಕ್ಯದಲ್ಲಿದೆ: ಭಾರಕ್ಕೆ ಹೆದರಬೇಡಿ, ಎತ್ತರಕ್ಕೆ ಹೆದರಿ. 500 ಕಿಲೋಗ್ರಾಂ ವಸ್ತುವನ್ನು ಒಂದು ಮೀಟರು ಎತ್ತಿದಾಗ ಅದರಲ್ಲಿ 4,900 ಜೌಲ್ ಪ್ರಚ್ಛನ್ನಶಕ್ತಿ ಸೇರುತ್ತದೆ. ಕೈತಪ್ಪಿದರೆ ಅದು ಸೆಕೆಂಡಿಗೆ 4.4 ಮೀಟರು ವೇಗದಲ್ಲಿ ನೆಲವನ್ನು ಅಪ್ಪಳಿಸಿ ಆ ಶಕ್ತಿಯಷ್ಟನ್ನೂ ಹೊರಹಾಕುತ್ತದೆ. ಅದೇ ವಸ್ತುವನ್ನು ಎರಡೇ ಸೆಂಟಿಮೀಟರು ಎತ್ತಿದ್ದರೆ ಶೇಖರವಾಗುವ ಶಕ್ತಿ 98 ಜೌಲ್, ಎಂದರೆ ಐವತ್ತರಲ್ಲಿ ಒಂದು ಪಾಲು. ಬೆರಳು ಸಿಕ್ಕಿದರೆ ಇದೂ ಸಾಲದೆ ಹೋಗುವುದಿಲ್ಲ. ಆದುದರಿಂದ ಕೈಯನ್ನಾಗಲಿ ಕಾಲನ್ನಾಗಲಿ ಯಂತ್ರದ ಅಡಿಗೆ ಎಂದೂ ಕೊಡಕೂಡದು. ಆದರೆ ಎರಡು ಸೆಂಟಿಮೀಟರಿನಿಂದ ಬಿದ್ದ ಯಂತ್ರ ಉರುಳಿ ಯಾರ ಮೈಮೇಲೂ ಬರುವುದಿಲ್ಲ. ಮಟ್ಟವಾದ ನೆಲದಲ್ಲಿ ಒಂದು ವಸ್ತುವನ್ನು ಹತ್ತು ಮೀಟರು ಸರಿಸಲು ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಯಾವ ಕೆಲಸವನ್ನೂ ಮಾಡಬೇಕಾಗಿಲ್ಲ. ಎದುರಿಸಬೇಕಾದುದು ಘರ್ಷಣೆಯನ್ನು ಮಾತ್ರ. ಘರ್ಷಣೆಯನ್ನು ಉಪಾಯದಿಂದ ಕಡಮೆ ಮಾಡಬಹುದು.

ಮಲೆನಾಡಿನ ಒಂದು ಊರಿನಲ್ಲಿ ನಾವು ಕಂಡ ಸಂಗತಿಯನ್ನು ಇಲ್ಲಿ ಹೇಳಬಹುದು. ಮುಚ್ಚಿದ ಸಾಮಿಲ್ ಒಂದರಿಂದ ಇಂತಹುದೇ ಯಂತ್ರವನ್ನು ಕೊಂಡ ಪರಿಚಿತರೊಬ್ಬರು, ಲಾರಿಯ ಬಾಡಿಗೆ ಏರುತ್ತಿದೆಯೆಂದು ಅವಸರಪಡುತ್ತ, ಹೆಗಲು ಕೊಟ್ಟು ಎತ್ತಿಬಿಡುವಂತೆ ಆಳುಗಳಿಗೆ ಹೇಳಿದರು. ಆಳುಗಳಲ್ಲಿ ಹಿರಿಯನೊಬ್ಬನು ಒಪ್ಪಲಿಲ್ಲ. “ಎತ್ತೋದು ಬ್ಯಾಡ ಸ್ವಾಮಿ. ಎತ್ತಿದ್ದನ್ನ ಇಳಿಸೋಕೂ ಬೇಕಲ್ಲ! ನಾಕು ಪೈಪು ಕೊಡಿಸಿ, ಅದೇ ನಡಕೊಂಡು ಬರ್ತದೆ” ಎಂದನು. ಶಾಲೆಯ ಮೆಟ್ಟಿಲು ಹತ್ತದ ಆತನ ಈ ಮಾತಿನಲ್ಲಿ ಪ್ರಚ್ಛನ್ನಶಕ್ತಿಯ ತತ್ತ್ವ ಪೂರ್ಣವಾಗಿ ಅಡಗಿದೆ. ಪೈಪುಗಳು ಬಂದವು. ಎರಡು ಗಂಟೆ ಹಿಡಿಯಿತು. ಯಾರಿಗೂ ಒಂದು ತರಚುಗಾಯವೂ ಆಗಲಿಲ್ಲ.

ಆತನು ಮಾಡಿದುದನ್ನು ನಮ್ಮ ಭಾಷೆಯಲ್ಲಿ ವಿವರಿಸೋಣ. ಮೊದಲನೆಯದು ಸನ್ನೆ. ಒಂದೂವರೆ ಮೀಟರು ಉದ್ದದ ಹಾರೆಯ ತುದಿಯನ್ನು ಯಂತ್ರದ ಅಡಿಗೆ ತೂರಿಸಿ, ತುದಿಯಿಂದ 5 ಸೆಂಟಿಮೀಟರು ದೂರದಲ್ಲಿ ಗಟ್ಟಿಮರದ ತುಂಡನ್ನು ಆಧಾರವಾಗಿಟ್ಟರೆ, ಭುಜಗಳ ಪ್ರಮಾಣ 145ಕ್ಕೆ 5, ಎಂದರೆ 29 ಪಟ್ಟು. ಒಂದು ಬದಿಯನ್ನು ಮಾತ್ರ ಎತ್ತುವುದರಿಂದ ಎದುರಿಸಬೇಕಾದ ಭಾರ ಸುಮಾರು ಅರ್ಧ, 250 ಕಿಲೋಗ್ರಾಂ. ಹಾರೆಯ ಮೇಲೆ ಒತ್ತಬೇಕಾದ ಬಲ 9 ಕಿಲೋಗ್ರಾಂ ಭಾರಕ್ಕಿಂತ ಕಡಮೆ. ಹೈಸ್ಕೂಲಿನ ಹುಡುಗಿಯೂ ಒತ್ತಬಲ್ಲಳು. ಎದ್ದ ಬದಿಯ ಅಡಿಗೆ ಕೋಲಿನಿಂದ ಹಲಗೆಯ ತುಂಡನ್ನು ತಳ್ಳಬೇಕು; ಅನಂತರ ಮತ್ತೊಂದು ಬದಿ. ಹೀಗೆ ಬೆರಳಗಲ ಬೆರಳಗಲವಾಗಿ ಎತ್ತಿದಾಗ ಯಂತ್ರ ಯಾವ ಕ್ಷಣದಲ್ಲಿ ಜಾರಿದರೂ ಬೀಳುವುದು ಒಂದು ಹಲಗೆಯ ದಪ್ಪದಷ್ಟು ಮಾತ್ರ. ನಮ್ಮ ಊರುಗಳ ತೇರುಗಳಲ್ಲಿ ಚಕ್ರಕ್ಕೆ ಸನ್ನೆಗೋಲು ಕೊಡುವವರು ಬಲ್ಲ ವಿದ್ಯೆಯೇ ಇದು.

ಎರಡನೆಯದು ಉರುಳೆ. ಘರ್ಷಣೆ ಭಾರವನ್ನು ಅನುಸರಿಸುತ್ತದೆಯೇ ಹೊರತು ತಾಗುವ ವಿಸ್ತೀರ್ಣವನ್ನಲ್ಲ ಎಂದು ಫ್ರಾನ್ಸಿನ ಅಮೊಂತೋ 1699ರಲ್ಲಿ ಪ್ರಕಟಿಸಿದನು. ಮರದ ಮೇಲೆ ಮರ ಜಾರುವಾಗ ಘರ್ಷಣಾಂಕ ಸುಮಾರು 0.4 ಎಂದಿಟ್ಟುಕೊಂಡರೆ, ನಮ್ಮ ಯಂತ್ರವನ್ನು ಎಳೆಯಲು 200 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಎರಡು ಮರದ ತೊಲೆಗಳ ಮೇಲೆ ಯಂತ್ರವನ್ನು ಬೋಲ್ಟು ಹಾಕಿ ಕೂರಿಸಿ, ಕೆಳಗೆ ಗಟ್ಟಿಯಾದ ಹಲಗೆ ಹಾಸಿ, ನಡುವೆ ಉಕ್ಕಿನ ಪೈಪುಗಳನ್ನಿಟ್ಟರೆ ಅದು 0.03ರ ಸುಮಾರಿಗೆ ಇಳಿಯಬಹುದು; ಆಗ 15 ಕಿಲೋಗ್ರಾಂ ಭಾರದಷ್ಟು ಬಲ ಸಾಕು. ಹಿಂದೆ ಹೊರಬಿದ್ದ ಪೈಪನ್ನು ತಂದು ಮುಂದೆ ಇಡುತ್ತ ಹೋಗುವುದಷ್ಟೇ ಕೆಲಸ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೀಟರ್ ಚಕ್ರವರ್ತಿಯ ಪ್ರತಿಮೆಗೆ ಪೀಠವಾದ ಬಂಡೆ ಸಾವಿರ ಟನ್ನಿಗೂ ಮಿಗಿಲಾಗಿ ತೂಗುತ್ತಿತ್ತು. ಉಗಿಯಂತ್ರದ ಸಹಾಯವಿಲ್ಲದೆ ಅದನ್ನು 1770ರಲ್ಲಿ ಸಮುದ್ರತೀರದವರೆಗೆ ಸಾಗಿಸಿದುದು ಇದೇ ತತ್ತ್ವದಿಂದ. ಅಲ್ಲಿ ಪೈಪುಗಳ ಬದಲು ತೋಡುಗಳಲ್ಲಿ ಉರುಳುವ ಲೋಹದ ಗುಂಡುಗಳಿದ್ದವು.

ಅತ್ಯಂತ ಅಪಾಯದ ಸ್ಥಳ ಲಾರಿಗೆ ಏರಿಸುವ ಇಳಿಜಾರು. ಬ್ಯಾಂಡ್ ಸಾ ಎತ್ತರವಾದ, ಕಿರಿದಾದ ಯಂತ್ರ. ಅದರ ಗುರುತ್ವಕೇಂದ್ರ ನೆಲದಿಂದ 110 ಸೆಂಟಿಮೀಟರು ಮೇಲಿದೆಯೆಂದೂ, ಪಾದದ ಅಗಲ 60 ಸೆಂಟಿಮೀಟರು ಎಂದೂ ಭಾವಿಸೋಣ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಪಾದದ ಅಂಚನ್ನು ದಾಟಿದೊಡನೆ ಯಂತ್ರ ಉರುಳುತ್ತದೆ. 110ಕ್ಕೆ 30ರ ಈ ಪ್ರಮಾಣ 0.27, ಕೋನದಲ್ಲಿ ಹೇಳುವುದಾದರೆ ಸುಮಾರು 15 ಡಿಗ್ರಿ. ಒಂದು ಮೀಟರು ಎತ್ತರದ ಲಾರಿಗೆ ನಾಲ್ಕು ಮೀಟರು ಉದ್ದದ ಹಲಗೆಗಳನ್ನು ಆನಿಸಿದರೆ ಇಳಿಜಾರಿನ ಕೋನ 14.5 ಡಿಗ್ರಿ. ಕಿರಿದಾದ ಬದಿಯನ್ನು ಇಳಿಜಾರಿನ ನೇರಕ್ಕೆ ಮಾಡಿ ನಿಲ್ಲಿಸಿದ ಯಂತ್ರಕ್ಕೂ ಅನಾಹುತಕ್ಕೂ ಇರುವ ಅಂತರ ಒಂದು ಡಿಗ್ರಿಗಿಂತಲೂ ಕಡಮೆ! ಒಂದು ಕಲ್ಲುಚೂರು, ಬಾಗಿದ ಹಲಗೆ, ಒಂದು ಜಗ್ಗು ಸಾಕು. ಆದುದರಿಂದ ಮೋಟಾರು, ಮೇಜು, ಗಾಲಿಗಳನ್ನು ಮೊದಲು ಬಿಚ್ಚಿ ಬೇರೆಯಾಗಿ ಸಾಗಿಸಬೇಕು. ಉಳಿದ ದೇಹವನ್ನು ಹಗ್ಗ ಹಿಡಿದು ಮೆಲ್ಲಮೆಲ್ಲನೆ ಮಲಗಿಸಬೇಕು. ಹಲಗೆಗಳನ್ನು ಉದ್ದಮಾಡಿ ನಡುವೆ ಆಸರೆ ಕೊಡಬೇಕು.

ಇದೇ 0.27 ಎಂಬ ಅಂಕಿ ರಸ್ತೆಯಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ಲಾರಿಗೆ ಬ್ರೇಕು ಹಾಕಿದಾಗ ಜಡತ್ವದಿಂದ ಯಂತ್ರ ಮುಂದಕ್ಕೆ ವಾಲುತ್ತದೆ. ಕಿರಿದಾದ ಬದಿ ಮುಂದಾಗಿ ನಿಲ್ಲಿಸಿ, ಪಾದ ಜಾರದಂತೆ ತಡೆದು, ಮೇಲ್ಭಾಗವನ್ನು ಮಾತ್ರ ಕಟ್ಟದೆ ಬಿಟ್ಟಿದ್ದಾರೆನ್ನೋಣ. ವೇಗ ಕುಗ್ಗುವ ದರ ಗುರುತ್ವ ವೇಗೋತ್ಕರ್ಷದ 0.27 ಪಾಲನ್ನು ಮೀರಿದರೆ ಅದು ಉರುಳುತ್ತದೆ. ಗಂಟೆಗೆ 36 ಕಿಲೋಮೀಟರು ವೇಗದ ಲಾರಿಗೆ ಇದರ ಅರ್ಥ, ಸುಮಾರು 19 ಮೀಟರಿಗಿಂತ ಕಡಮೆ ದೂರದಲ್ಲಿ ನಿಂತರೆ ಅಪಾಯ ಎಂದು. ಎಮ್ಮೆಯೊಂದು ಅಡ್ಡ ಬಂದಾಗ ಚಾಲಕನು 19 ಮೀಟರಿನ ಲೆಕ್ಕ ಹಾಕುತ್ತ ಕೂರುವುದಿಲ್ಲ. ಕಾರ್ಮಿಕರನ್ನು ಯಂತ್ರದೊಡನೆ ಲಾರಿಯ ಹಿಂಭಾಗದಲ್ಲಿ ಕೂರಿಸುವ ಪದ್ಧತಿಯನ್ನು ನಾವು ಖಂಡಿಸುವುದು ಇದಕ್ಕಾಗಿಯೇ. ಯಂತ್ರವನ್ನು ನಾಲ್ಕು ದಿಕ್ಕಿಗೂ ಬಿಗಿಯಬೇಕು. ಮನುಷ್ಯರು ಬೇರೆ ವಾಹನದಲ್ಲಿ ಬರಬೇಕು.

ಇಳಿಸುವಾಗ ಯಂತ್ರವನ್ನು ತಳ್ಳುವ ಅಗತ್ಯವಿಲ್ಲ, ತಡೆಯುವ ಅಗತ್ಯವಿದೆ. ಮೇಲೆ ಹೇಳಿದ ಇಳಿಜಾರಿನಲ್ಲಿ ಅದು ಕೆಳಕ್ಕೆ ಜಗ್ಗುವ ಬಲ 500ರ ಕಾಲುಭಾಗ, 125 ಕಿಲೋಗ್ರಾಂ ಭಾರ. ಕೆಳಗೆ ನಿಂತು ಎದೆಗೊಟ್ಟು ತಡೆಯುವ ಸಾಹಸವನ್ನು ನಾವು ಹಲವೆಡೆ ಕಂಡಿದ್ದೇವೆ; ಇದಕ್ಕಿಂತ ದೊಡ್ಡ ಅವಿವೇಕ ಮತ್ತೊಂದಿಲ್ಲ. ಹಗ್ಗವನ್ನು ನೆಲದಲ್ಲಿ ಭದ್ರವಾಗಿ ನೆಟ್ಟ ಕಂಬಕ್ಕೆ ಸುತ್ತಿ, ಅದರ ತುದಿಯನ್ನು ಹಿಡಿದು ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಆಯ್ಲರ್ ಮತ್ತು ಐಟೆಲ್‌ವೈನ್ ಅವರ ಹೆಸರಿನ ಸೂತ್ರದಂತೆ, ಘರ್ಷಣಾಂಕ 0.3 ಇದ್ದಾಗ ಒಂದು ಸುತ್ತು ನಮ್ಮ ಹಿಡಿತವನ್ನು ಸುಮಾರು ಆರೂವರೆ ಪಟ್ಟು ಹೆಚ್ಚಿಸುತ್ತದೆ. ಎರಡು ಸುತ್ತು 43 ಪಟ್ಟು. ಮೂರು ಸುತ್ತು 280 ಪಟ್ಟಿಗೂ ಹೆಚ್ಚು. ಪ್ರತಿ ಸುತ್ತೂ ಹಿಂದಿನದನ್ನು ಗುಣಿಸುತ್ತದೆ ಎಂಬುದು ಇಲ್ಲಿಯ ಚಮತ್ಕಾರ. ಎರಡೇ ಸುತ್ತಿನಲ್ಲಿ 125 ಕಿಲೋಗ್ರಾಂ ಭಾರವನ್ನು 3 ಕಿಲೋಗ್ರಾಂ ಭಾರದ ಹಿಡಿತ ತಡೆದು ನಿಲ್ಲಿಸಬಲ್ಲುದು. ಹಗ್ಗ ಗಟ್ಟಿಯಾಗಿರಬೇಕು, ಅದನ್ನು ಕೈಗೆ ಸುತ್ತಿಕೊಳ್ಳಕೂಡದು, ಇಳಿಜಾರಿನ ಕೆಳಗೆ ಯಾರೂ ನಿಲ್ಲಕೂಡದು.

“ಈಗ ಹೈಡ್ರಾ ಕ್ರೇನು ಬಾಡಿಗೆಗೆ ಸಿಗುತ್ತದೆ; ಈ ಹಳೆಯ ಕಾಲದ ಉಪಾಯಗಳೇಕೆ?” ಎಂದು ಕೆಲವರು ಕೇಳಬಹುದು. ಸಿಗುವಲ್ಲಿ ತರಿಸುವುದು ಉತ್ತಮವೇ. ಹಣವಿದ್ದವರು ಅದರಲ್ಲಿ ಜಿಪುಣತನ ಮಾಡಬಾರದು. ಆದರೆ ಹಿತ್ತಿಲಿನ ಓಣಿಗೆ ಕ್ರೇನು ನುಗ್ಗುವುದಿಲ್ಲ. ನುಗ್ಗಿದರೂ ಭೌತವಿಜ್ಞಾನದ ಅಗತ್ಯ ತಪ್ಪುವುದಿಲ್ಲ. ಯಂತ್ರವನ್ನು ಎರಡು ಎಳೆ ಹಗ್ಗದಲ್ಲಿ ತೂಗುಹಾಕಿದಾಗ ಎಳೆಗಳ ನಡುವಣ ಕೋನ 120 ಡಿಗ್ರಿಯಾದರೆ ಒಂದೊಂದು ಎಳೆಯ ಮೇಲೂ ಬೀಳುವುದು ಅರ್ಧ ಭಾರವಲ್ಲ, ಪೂರ್ತಿ 500 ಕಿಲೋಗ್ರಾಂ. 150 ಡಿಗ್ರಿಯಾದರೆ ಸುಮಾರು 965. ಹಗ್ಗ ತುಂಡಾದ ಮೇಲೆ ಹಗ್ಗವನ್ನು ದೂರುವುದರಿಂದ ಪ್ರಯೋಜನವಿಲ್ಲ. ಮನೆಯ ಮಾಡಿನ ತೊಲೆಗೆ ಚೈನ್ ಕಪ್ಪಿಯನ್ನು ಕಟ್ಟುವವರಿಗೂ ಇದೇ ಎಚ್ಚರಿಕೆ: ಆ ತೊಲೆಯನ್ನು ಹಾಕಿದುದು ಹೆಂಚನ್ನು ಹೊರುವುದಕ್ಕೆ, ಅರ್ಧ ಟನ್ ಕಬ್ಬಿಣವನ್ನಲ್ಲ.

ನಮ್ಮ ಮಾತಿನ ಸಾರ ಯಂತ್ರ ಸಾಗಣೆಯೊಂದಕ್ಕೆ ಸೀಮಿತವಲ್ಲ. ಭಾರ ಹೊರುವವರ ದೇಹಬಲ ಅಗ್ಗವಾಗಿ ದೊರೆಯುವ ದೇಶದಲ್ಲಿ ಬುದ್ಧಿಯನ್ನು ಖರ್ಚುಮಾಡುವ ಗೋಜಿಗೆ ಜನ ಹೋಗುವುದಿಲ್ಲ. ಎರಡು ಗಂಟೆಯ ಲಾರಿ ಬಾಡಿಗೆಯನ್ನು ಉಳಿಸಲು ಎಂಟು ಜನರ ಬೆನ್ನುಮೂಳೆಯನ್ನು ಪಣಕ್ಕೊಡ್ಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಕೈ ಜಜ್ಜಿಹೋದ ಕೂಲಿಗಾರನಿಗೆ ಮರುದಿನದ ಕೂಲಿ ಇಲ್ಲ. ವಿಜ್ಞಾನ ಕಲಿತವರು ಕೆಲಸ ಮಾಡಿಸುವ ಸ್ಥಾನದಲ್ಲಿ ನಿಂತಾಗ ಅವರ ವಿದ್ಯೆಯ ಮೊದಲ ಪರೀಕ್ಷೆ ಅಲ್ಲಿಯೇ ನಡೆಯುತ್ತದೆ.

ಆದುದರಿಂದ ನಮ್ಮ ಸಲಹೆ ಇದು. ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಗಳಲ್ಲಿ ಒಂದನ್ನು ಹೊರಗಿನ ಅಂಗಳದಲ್ಲಿ ನಡೆಸೋಣ. ಮರಳಿನ ಚೀಲಗಳನ್ನು ತುಂಬಿದ 200 ಕಿಲೋಗ್ರಾಂ ತೂಗುವ ಅಗಲವಾದ, ತಗ್ಗಾದ ಪೆಟ್ಟಿಗೆಯೊಂದನ್ನು ಹಾರೆ, ಪೈಪು, ಹಲಗೆ, ಹಗ್ಗಗಳಿಂದ ಹತ್ತು ಮೀಟರು ಸಾಗಿಸಬೇಕು. ಯಾವ ಕ್ಷಣದಲ್ಲಿಯೂ ಅದು ನೆಲದಿಂದ ಐದು ಸೆಂಟಿಮೀಟರಿಗಿಂತ ಮೇಲೇಳಕೂಡದು. ಯಾರ ಕೈಯೂ ಅದರ ಅಡಿಗೆ ಹೋಗಕೂಡದು. ಬೇಕಾಗುವ ಬಲವನ್ನು ಮೊದಲೇ ಲೆಕ್ಕ ಹಾಕಿ, ಸ್ಪ್ರಿಂಗ್ ತಕ್ಕಡಿಯಿಂದ ಅಳೆದು ಹೋಲಿಸಬೇಕು. ಆ ದಿನದ ಮಟ್ಟಿಗೆ ಊರಿನ ಅನುಭವಿ ಹಮಾಲನೊಬ್ಬನನ್ನು ಕರೆಸಿ, ಕೂಲಿಯಲ್ಲದೆ ಉಪಾಧ್ಯಾಯರಿಗೆ ಕೊಡುವ ಗೌರವಧನವನ್ನೇ ಕೊಟ್ಟು, ಮೇಲ್ವಿಚಾರಣೆಗೆ ನಿಲ್ಲಿಸಬೇಕು. ಸೂತ್ರ ಬಲ್ಲವರು ಅವನಿಂದ ಕೈಯ ಹದವನ್ನು ಕಲಿಯುತ್ತಾರೆ. ಅವನು ಅವರಿಂದ ಎರಡು ಸುತ್ತಿಗೂ ಮೂರು ಸುತ್ತಿಗೂ ಇರುವ ವ್ಯತ್ಯಾಸದ ಕಾರಣವನ್ನು ತಿಳಿಯುತ್ತಾನೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಈ ಪ್ರಯೋಗವನ್ನು ಒಮ್ಮೆ ಮಾಡಿದ ವಿದ್ಯಾರ್ಥಿ ಮುಂದೆ ಎಂಜಿನಿಯರನಾಗಲಿ, ಗುಮಾಸ್ತನಾಗಲಿ, ಮರಗೆಲಸದ ಹವ್ಯಾಸಿಯಾಗಲಿ, “ಎಲ್ಲರೂ ಹೆಗಲು ಕೊಡಿ” ಎಂಬ ಮಾತು ಬಾಯಿಗೆ ಬರುವ ಮೊದಲು ಒಂದು ಹಾರೆಯನ್ನೂ ನಾಲ್ಕು ಪೈಪುಗಳನ್ನೂ ಹುಡುಕುತ್ತಾನೆ ಎಂಬುದು ನಮ್ಮ ನಂಬಿಕೆ.